ಆಂಟೆನಾ ಬಿಟ್ಟ ರೇಡಿಯೋ ಅಲೆ ತಿರುಗಿ ಯಾಕ ಬರೂದಿಲ್ಲ?

ಪ್ರಶ್ನೆ (ಜಮಖಂಡಿ, ಬಿಎಸ್ಸಿ ವಿದ್ಯಾರ್ಥಿ)
ನಮಸ್ಕಾರ ರೀ. ಆಂಟೆನಾದಾಗ ಕರೆಂಟ್ ಬರೇ ಹಿಂದ ಮುಂದ ಓಡಾಡತೈತಿ, ಎಲೆಕ್ಟ್ರಾನ್ ಒಂದೂ ಹೊರಗ ಹಾರೂದಿಲ್ಲ. ಹಂಗಿದ್ರ ಅಲೆ ಹೆಂಗ ಹೊರಗ ಹೋಗತೈತಿ? ಕರೆಂಟ್ ದಿಕ್ಕು ಬದಲಿಸಿದಾಗ ಅದೂ ತಿರುಗಿ ತಂತಿಗೇ ಬರಬೇಕಲ್ಲಾ?

ಉತ್ತರ (ಬಾಗಲಕೋಟೆ, ರೇಡಿಯೋ ರಿಪೇರಿ)
ಭಾಳ ಛಲೋ ಕೇಳಿದಿ ತಮ್ಮಾ. ಎಲ್ಲಾ ಇರೂದು ತಡದಾಗ. ಎಲೆಕ್ಟ್ರಾನ್ ಸರಿದ ಸುದ್ದಿ ಸುತ್ತಲಿನ ವಿದ್ಯುತ್ ಕ್ಷೇತ್ರಕ್ಕ (ಅದರ ಸೆಳೆತ ನಡೆಯೋ ಜಾಗಕ್ಕ) ಒಮ್ಮೆಲೇ ಮುಟ್ಟೂದಿಲ್ಲ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಾಗ ಹರಡತೈತಿ. ಧಾರವಾಡ ಆಕಾಶವಾಣಿನ್ನ ತಗೋ, 765 ಕಿಲೋಹರ್ಟ್ಸ್, ಅಂದ್ರ ಕರೆಂಟ್ ಸೆಕೆಂಡಿಗೆ 7 ಲಕ್ಷ 65 ಸಾವಿರ ಸಲ ಹೋಗಿ ಬರತೈತಿ. ಕರೆಂಟ್ ಒಂದು ಸಲ ಹೋಗಿ ಬರೂದ್ರಾಗ ಮೊದಲಿನ ಸುದ್ದಿ 392 ಮೀಟರ್ ದಾಟಿರತೈತಿ. ಇಲ್ಲಿ ಕರೆಂಟ್ ತಿರುಗಿದ್ದು ಅದಕ್ಕ ತಿಳೀಬೇಕಂದ್ರ ಹೊಸ ಸುದ್ದಿ ಬೆನ್ನು ಹತ್ತಿ ಹಿಡೀಬೇಕು. ಎರಡರ ವೇಗಾನೂ ಒಂದೇ, ಎಂದೂ ಹಿಡಿಯೂದಿಲ್ಲ.

ಆದ್ರ ನಿನ್ನ ಅನುಮಾನ ಪೂರಾ ಸುಳ್ಳಲ್ಲ. ಆಂಟೆನಾ ಕಂಬದ ಸಮೀಪ, ಈ ಲೆಕ್ಕಕ್ಕ ಸುಮಾರು 60 ಮೀಟರ್ ಒಳಗ, ಒಂದಷ್ಟು ಶಕ್ತಿ ಖರೇನ ತಿರುಗಿ ಆಂಟೆನಾಕ್ಕ ಬರತೈತಿ. ಅದರಾಚೆ ಹೋದದ್ದು ಹೋತು. ಬದಲಾಗೋ ವಿದ್ಯುತ್ ಕ್ಷೇತ್ರ ಕಾಂತಕ್ಷೇತ್ರ ಹುಟ್ಟಿಸತೈತಿ, ಅದು ಮತ್ತ ವಿದ್ಯುತ್ ಕ್ಷೇತ್ರ ಹುಟ್ಟಿಸತೈತಿ, ಮುಂದ ತಂತಿ ಹಂಗೇ ಬೇಕಾಗೂದಿಲ್ಲ. ಮ್ಯಾಕ್ಸ್‌ವೆಲ್ 1865ರಾಗ ಇದನ್ನ ಬರೇ ಲೆಕ್ಕದಾಗ ಕಂಡ. ಹರ್ಟ್ಸ್ 1887-88ರಾಗ ಕಿಡಿ ಹಾರಿಸಿ ತೋರಿಸಿದ. ಇದನ್ನ ನೆನೆದ್ರ ನನಗ ಇವತ್ತಿಗೂ ಮೈ ಝುಂ ಅಂತೈತಿ.

ಉತ್ತರ (ವಿಜಯಪುರ, ಹೈಸ್ಕೂಲ್ ಮಾಸ್ತರ)
ಅಣ್ಣಾವ್ರು ಹೇಳಿದ್ದು ಖರೇ. ಒಂದು ಮಾತು ಸೇರಸ್ತೀನಿ: ಅಲೆ ಎಲ್ಲಾ ದಿಕ್ಕಿಗೂ ಸರಿಸಮ ಹೋಗೂದಿಲ್ಲ. ನೆಟ್ಟಗ ನಿಂತ ಕಂಬ ಸುತ್ತಲೂ ಅಡ್ಡಕ್ಕ ಜೋರು ಬಿಡತೈತಿ, ನೆತ್ತಿ ಮ್ಯಾಲ ಏನೂ ಇಲ್ಲ. ಬಯಲಾಗ ದೂರ ಎರಡು ಪಟ್ಟಾದ್ರ ಶಕ್ತಿ ಕಾಲುಭಾಗಕ್ಕ ಇಳೀತೈತಿ. ನೆಲ ಹೀರೂದು ಬ್ಯಾರೆ.

ಜಮಖಂಡಿ
ಇದನ್ನ ಮನ್ಯಾಗ ನೋಡಾಕ ಬರತೈತೇನ್ರಿ?

ಬಾಗಲಕೋಟೆ
ಬರತೈತಿ. ಹಳೇ ಮೀಡಿಯಂ ವೇವ್ ರೇಡಿಯೋ ಬಿಚ್ಚಿದ್ರ ಒಳಗ ಕಾಂತಕ್ಷೇತ್ರ ಸೆಳಿಯೋ ಕರೀ ಫೆರೈಟ್ ಕೋಲು, ಅದರ ಮ್ಯಾಲ ಕೂದಲಿನಷ್ಟು ಸಣ್ಣ ತಾಮ್ರದ ತಂತಿ ಸುತ್ತಿರೂದು ಕಾಣತೈತಿ. ನಿಮ್ಮೂರಿಗೆ ಧಾರವಾಡ ಹೆಚ್ಚು ಕಡಿಮಿ ದಕ್ಷಿಣಕ್ಕ. ಕೋಲಿನ ತುದಿ ಅತ್ತ ಮಾಡು, ದನಿ ಕುಂದತೈತಿ. ಪೂರ್ವ-ಪಶ್ಚಿಮ ಅಡ್ಡ ಹಿಡಿ, ತುಂಬಿ ಬರತೈತಿ. ಕಾಂತಕ್ಷೇತ್ರ ಕಂಬದ ಸುತ್ತ ನೆಲಕ್ಕ ಸಮಾನಾಂತರ ಬಳೆ ಬಳೆಯಾಗಿ ಹರಡತೈತಿ, ಕೋಲು ಅದಕ್ಕ ಹೊಂದಿ ಇರಬೇಕು. ಹಗಲಾಗ ಮಾಡು. ರಾತ್ರಿ ಅಯಾನುಗೋಳದಿಂದ (ಭಾಳ ಎತ್ತರದಾಗಿನ ವಿದ್ಯುತ್ ಕಣಗಳ ಗಾಳಿ ಪದರದಿಂದ) ತಿರುಗಿ ಬರೋ ಅಲೆ ಕೂಡಿ ಗೊಂದಲ ಮಾಡತೈತಿ.

ಜಮಖಂಡಿ
ಮಾಡಿದೆ ರೀ, ನೀವು ಹೇಳಿದಂಗ ಆತು! ಕೋಲು ನೆಟ್ಟಗ ನಿಲ್ಲಿಸಿದಾಗೂ ದನಿ ಕುಂದ್ತು. ಅದಕ್ಕೂ ಇದೇ ಕಾರಣೇನ್ರಿ?

ಬಾಗಲಕೋಟೆ
ಅದೇ ತಮ್ಮಾ. ಬಳೆ ಮಲಗೇತಿ, ಕೋಲು ನಿಂತೈತಿ.