ವಿಂಡೋಸ್ 7 ಬಿಡೋಕೆ ಆಗ್ತಿಲ್ಲ, ಪೆನ್‌ಡ್ರೈವ್‌ನಲ್ಲಿ ಬರೀ ಶಾರ್ಟ್‌ಕಟ್: ಏನು ಮಾಡಲಿ?

ಹಾವೇರಿ_ಡಿಟಿಪಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ರಸೀದಿ ಪುಸ್ತಕ ಮಾಡುವ ಸಣ್ಣ ಅಂಗಡಿ. ಸಿಸ್ಟಂ ವಿಂಡೋಸ್ 7, 32 ಬಿಟ್. ಪುಟ ವಿನ್ಯಾಸಕ್ಕೆ ಪೇಜ್‌ಮೇಕರ್ 7, ಕನ್ನಡ ಟೈಪಿಂಗ್‌ಗೆ ನುಡಿ, ಎರಡೂ ಇದರಲ್ಲೇ ಇವೆ. ಹಳೇ ಗಿರಾಕಿಗಳ ಫೈಲೆಲ್ಲ ನುಡಿಯ ಆಸ್ಕಿ (ಯೂನಿಕೋಡ್ ಅಲ್ಲದ ಹಳೇ ಬಗೆಯ) ಫಾಂಟಿನಲ್ಲಿ ಕೂತಿವೆ, ಪ್ರಿಂಟರ್ ನೆಟ್‌ವರ್ಕ್ ಕೇಬಲ್‌ನಲ್ಲಿದೆ, ಅದಕ್ಕೆ ಹೊಸ ವಿಂಡೋಸ್ ಡ್ರೈವರ್ ಸಿಗಲಿಲ್ಲ. ಹಾಗಾಗಿ ಬದಲಾಯಿಸೋ ಮಾತೇ ಇಲ್ಲ.

ಈಗಿನ ಕಷ್ಟ ಏನೆಂದರೆ, ಯಾವ ಪೆನ್‌ಡ್ರೈವ್ ಹಾಕಿದರೂ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತವೆ. ಗಿರಾಕಿಗಳು ಬೈಯುತ್ತಿದ್ದಾರೆ. ಕ್ರೋಮ್ 109ಕ್ಕೇ ನಿಂತಿದೆ. ಇದೇ ಸಿಸ್ಟಂನಲ್ಲಿ ನೆಟ್ ಬ್ಯಾಂಕಿಂಗೂ ಮಾಡುತ್ತೇನೆ, ಜನರ ಆಧಾರ್ ಪ್ರತಿ ಇಟ್ಟುಕೊಂಡು ಸೇವಾ ಸಿಂಧು ಅರ್ಜಿಗಳನ್ನೂ ತುಂಬುತ್ತೇನೆ. ಒಬ್ಬರು ಕ್ರ್ಯಾಕ್ ಮಾಡಿದ ಆಂಟಿವೈರಸ್ ಕೊಡುತ್ತೇನೆ ಅಂದರು. ಅದು ಸಾಕಾ?

ಮಲೆನಾಡ_ಹುಡುಗ:
ಸುಮ್ನೆ ಫಾರ್ಮ್ಯಾಟ್ ಹೊಡೆದು ವಿಂಡೋಸ್ 10 ಹಾಕಿ ಸರ್.

ಗಣಕಮಿತ್ರ:
ವಿಂಡೋಸ್ 10ಕ್ಕೂ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಪ್ರಿಂಟರ್ ಕೆಲಸ ಮಾಡದ ಮೇಲೆ ಅದನ್ನು ಹಾಕಿ ಅವರಿಗೆ ಬರೋದೇನು?

ಸರ್, ಕ್ರ್ಯಾಕ್ ಆಂಟಿವೈರಸ್ ಮಾತ್ರ ದಯವಿಟ್ಟು ಹಾಕಬೇಡಿ. ಸಿಸ್ಟಂ ಮೇಲೆ ಪೂರ್ತಿ ಅಧಿಕಾರ ಇರುವ ಪ್ರೋಗ್ರಾಂ ಅದು. ಅದನ್ನು ಗುರುತಿಲ್ಲದವರ ಕೈಯಿಂದ ತಗೊಂಡು ಹಾಕೋದು ತುಂಬಾ ಅಪಾಯ. ಒಳ್ಳೆಯ ಆಂಟಿವೈರಸ್ ಆದರೂ ವಿಂಡೋಸ್‌ನಲ್ಲೇ ಇರುವ ತೂತನ್ನು ಮುಚ್ಚುವುದಿಲ್ಲ. 2017ರ ಮೇನಲ್ಲಿ ಫೈಲ್ ಲಾಕ್ ಮಾಡಿ ಹಣ ಕೇಳುವ ವಾನಾಕ್ರೈ ವೈರಸ್ ಬಂದಾಗ ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಫೈಲ್ ಶೇರಿಂಗ್‌ನ ಒಂದು ದೋಷ ಹಿಡಿದು ನೆಟ್‌ವರ್ಕ್‌ನಲ್ಲೇ ಸಿಸ್ಟಂನಿಂದ ಸಿಸ್ಟಂಗೆ ಹರಡಿತು. ಬ್ರಿಟನ್ನಿನ ಆಸ್ಪತ್ರೆಗಳು, ನಮ್ಮ ಪಕ್ಕದ ಆಂಧ್ರದ ಪೊಲೀಸರ ಕಂಪ್ಯೂಟರ್‌ಗಳು ಎಲ್ಲ ಸಿಕ್ಕಿಕೊಂಡವು. ಆ ದೋಷಕ್ಕೆ ಮಾರ್ಚ್‌ನಲ್ಲೇ ಪರಿಹಾರ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ವಿಂಡೋಸ್ 7ಕ್ಕೆ ಉಚಿತ ಅಪ್‌ಡೇಟ್ 2020ರ ಜನವರಿ 14ಕ್ಕೆ ನಿಂತಿತು. ಆಮೇಲೆ ಸಿಕ್ಕ ತೂತುಗಳು ನಿಮ್ಮಲ್ಲಿ ಹಾಗೇ ತೆರೆದಿವೆ.

ಹಾಗಂತ ಸಿಸ್ಟಂ ಬಿಸಾಡಬೇಕಿಲ್ಲ. ಅದು ಡಿಟಿಪಿ ಮಾಡಲಿ, ಪ್ರಿಂಟ್ ತೆಗೆಯಲಿ, ಆದರೆ ಇಂಟರ್ನೆಟ್ ಮಾತ್ರ ಬೇಡ. ಬ್ಯಾಂಕಿಂಗ್, ಅರ್ಜಿ, ಮೇಲ್, ವಾಟ್ಸ್ಯಾಪ್ ವೆಬ್ ಎಲ್ಲ ಬೇರೆ ಯಂತ್ರಕ್ಕೆ ಹೋಗಲಿ. ಮೂಲೆಯಲ್ಲಿ ಬಿದ್ದಿರುವ ಹಳೇ ಲ್ಯಾಪ್‌ಟಾಪ್ ಇದ್ದರೂ ನಡೆಯುತ್ತದೆ, ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿ. ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್‌ಗಳನ್ನು ಇವತ್ತೇ ಫೋನಿನಿಂದ ಬದಲಾಯಿಸಿ. ವೈರಸ್ ಇರುವ ಸಿಸ್ಟಂನಲ್ಲಿ ಟೈಪ್ ಮಾಡಿದ ಪಾಸ್‌ವರ್ಡ್ ಹೋಯಿತೆಂದೇ ಲೆಕ್ಕ. ಡೆಸ್ಕ್‌ಟಾಪ್ ಮೇಲಿರುವ ಜನರ ಆಧಾರ್, ಪಾನ್ ಪ್ರತಿಗಳನ್ನೂ ಅಳಿಸಿ. ಅವರು ನಮ್ಮನ್ನು ನಂಬಿ ಕೊಟ್ಟಿದ್ದು, ಅಲ್ವಾ?

ಹಾವೇರಿ_ಡಿಟಿಪಿ:
ಸರ್, ಕೇಬಲ್ ಕಿತ್ತರೆ ಪ್ರಿಂಟರ್ ಸಿಗಲ್ಲ. ಎರಡೂ ಒಂದೇ ರೂಟರ್‌ಗೆ ಹೋಗಿವೆ.

ಗಣಕಮಿತ್ರ:
ಕೇಬಲ್ ಇರಲಿ. ಲೋಕಲ್ ಏರಿಯಾ ಕನೆಕ್ಷನ್‌ನ ಪ್ರಾಪರ್ಟೀಸ್ ತೆರೆಯಿರಿ. ಇಂಟರ್ನೆಟ್ ಪ್ರೋಟೋಕಾಲ್ ವರ್ಷನ್ 4 ಎಂದಿರುವ ಸಾಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು ಐಪಿ ನಂಬರನ್ನು ಕೈಯಿಂದಲೇ ಹಾಕಿ. ಪ್ರಿಂಟರ್ 192.168.1.20 ಆಗಿದ್ದರೆ ಇದಕ್ಕೆ 192.168.1.50 ಕೊಡಿ, ಬೇರೆ ಯಾವುದಕ್ಕೂ ಆ ನಂಬರ್ ಇರಬಾರದು. ಸಬ್‌ನೆಟ್ ಮಾಸ್ಕ್ 255.255.255.0. ಡಿಫಾಲ್ಟ್ ಗೇಟ್‌ವೇ ಮತ್ತು ಡಿಎನ್‌ಎಸ್ ಜಾಗ ಖಾಲಿ ಬಿಡಿ. ಹೊರಗೆ ಹೋಗುವ ದಾರಿ ಗೊತ್ತಿಲ್ಲದ ಸಿಸ್ಟಂ ಪ್ರಿಂಟರ್‌ವರೆಗೆ ಮಾತ್ರ ಹೋಗುತ್ತದೆ.

ಅಲ್ಲಿಗೇ ನಿಲ್ಲಿಸಬೇಡಿ. ಅದೇ ಪಟ್ಟಿಯಲ್ಲಿ ವರ್ಷನ್ 6 ಅಂತ ಇನ್ನೊಂದು ಸಾಲಿದೆ, ಅದರ ಟಿಕ್ ತೆಗೆಯಿರಿ. ಈಗಿನ ಎಷ್ಟೋ ಫೈಬರ್ ರೂಟರ್‌ಗಳು ವರ್ಷನ್ 6ರ ವಿಳಾಸವನ್ನು ತಾವಾಗಿಯೇ ಹಂಚುತ್ತವೆ, ನೀವು ಮುಂಬಾಗಿಲು ಹಾಕಿದರೂ ಇಂಟರ್ನೆಟ್ ಹಿಂಬಾಗಿಲಿಂದ ಬರುತ್ತಿರುತ್ತದೆ. ತುಂಬಾ ಜನ ಇದನ್ನೇ ಮರೆಯುತ್ತಾರೆ. ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎಂಬ ಸಾಲಿನ ಟಿಕ್ಕೂ ತೆಗೆಯಿರಿ. ಅದು ನಿಮ್ಮ ಫೈಲನ್ನು ಬೇರೆಯವರಿಗೆ ಕೊಡುವುದಕ್ಕೆ ಇರುವುದು, ಐಪಿ ನಂಬರಿನಲ್ಲಿ ಕೂಡಿಸಿದ ಪ್ರಿಂಟರ್‌ಗೆ ಬೇಕಾಗಿಲ್ಲ. ಆಮೇಲೆ ಕೆಳಗೆ ಅನ್‌ಐಡೆಂಟಿಫೈಡ್ ನೆಟ್‌ವರ್ಕ್ ಅಂತ ಬರುತ್ತದೆ, ಗಾಬರಿ ಬೇಡ. ಅಂಥದ್ದನ್ನು ವಿಂಡೋಸ್ 7 ಪಬ್ಲಿಕ್ ನೆಟ್‌ವರ್ಕ್ ಎಂದೇ ಹಿಡಿದು ಫೈರ್‌ವಾಲ್ ಬಿಗಿ ಮಾಡುತ್ತದೆ. ಫೈರ್‌ವಾಲ್ ಆನ್ ಇದೆಯಾ ನೋಡಿಕೊಳ್ಳಿ.

ಇನ್ನು ಪೆನ್‌ಡ್ರೈವ್. ನಿಮ್ಮ ಫೋಲ್ಡರ್‌ಗಳು ಎಲ್ಲೂ ಹೋಗಿಲ್ಲ, ವೈರಸ್ ಅವನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಡಬಲ್ ಕ್ಲಿಕ್ ಮಾಡಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಫೋಲ್ಡರ್ ತೆರೆಯುತ್ತದೆ. ಹಾಗಾಗಿ ಜನಕ್ಕೆ ಅನುಮಾನವೇ ಬರುವುದಿಲ್ಲ. ಕೆಲವು ವೈರಸ್‌ಗಳು ಎಲ್ಲವನ್ನೂ ಹೆಸರೇ ಇಲ್ಲದಂತೆ ಕಾಣುವ ಒಂದು ಫೋಲ್ಡರ್‌ಗೆ ತುಂಬಿರುತ್ತವೆ. ಇದನ್ನು ಬಿಡಿಸುವುದಕ್ಕೆ ಲಿನಕ್ಸ್ ಲ್ಯಾಪ್‌ಟಾಪ್ ಒಳ್ಳೆಯದು. ವಿಂಡೋಸ್‌ನ ಆ ಬಚ್ಚಿಡುವ ಗುರುತನ್ನು ಅದು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಎಲ್ಲ ಬಯಲಾಗಿ ಕಾಣುತ್ತದೆ. ಈ ವೈರಸ್ ಅಲ್ಲಿ ಓಡುವುದೂ ಇಲ್ಲ. ಗಿರಾಕಿಯ ಪೆನ್‌ಡ್ರೈವ್ ಯಾವಾಗಲೂ ಮೊದಲು ಅಲ್ಲಿಗೆ. ಬೇಕಾದ ಪಿಡಿಎಫ್, ಫೋಟೊ, ಪೇಜ್‌ಮೇಕರ್ ಫೈಲ್ ಮಾತ್ರ ಆರಿಸಿ ಅಂಗಡಿಯದೇ ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು ವಿಂಡೋಸ್ 7ಕ್ಕೆ ತನ್ನಿ. ಅಲ್ಲಿ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆಟೊಪ್ಲೇ ಆಫ್ ಮಾಡಿ, ದಿನದ ಕೆಲಸಕ್ಕೆ ಸ್ಟ್ಯಾಂಡರ್ಡ್ ಯೂಸರ್ ಖಾತೆ ಮಾಡಿಕೊಳ್ಳಿ.

ಆದರೆ ಸಿಸ್ಟಂಗೇ ವೈರಸ್ ಅಂಟಿದೆ ಎಂಬುದು ಖಚಿತ. ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಹಾಕಲು ಮಾಡಿದ ಯುಎಸ್‌ಬಿಯಿಂದಲೇ ಇದನ್ನೂ ಬೂಟ್ ಮಾಡಿ ಕೆಲಸದ ಫೈಲುಗಳನ್ನೆಲ್ಲ ಹೊರಗಿನ ಹಾರ್ಡ್‌ಡಿಸ್ಕ್‌ಗೆ ತೆಗೆದಿಟ್ಟು, ವಿಂಡೋಸ್ 7 ಹೊಸದಾಗಿ ಹಾಕಿ. ಹಾರ್ಡ್‌ಡಿಸ್ಕ್ ಕೆಲಸ ಮುಗಿದ ಕೂಡಲೇ ಕಿತ್ತಿಡಿ. ಚುಚ್ಚಿಯೇ ಇಟ್ಟರೆ ಫೈಲ್ ಲಾಕ್ ಮಾಡುವ ವೈರಸ್ ಅದನ್ನೂ ಬಿಡುವುದಿಲ್ಲ.

ಹಾವೇರಿ_ಡಿಟಿಪಿ:
ಅಣ್ಣಾ, ತುಂಬಾ ಉಪಕಾರ ಆಯ್ತು. ನೀವು ಹೇಳಿದ ಹಾಗೇ ಮಾಡಿ ಸರ್ವಿಸ್ ಪ್ಯಾಕ್ 1ರವರೆಗೆ ಹಾಕಿದೆ. ಪೇಜ್‌ಮೇಕರ್, ನುಡಿ, ಪ್ರಿಂಟರ್ ಎಲ್ಲ ಓಡುತ್ತಿವೆ, ಪೆನ್‌ಡ್ರೈವ್ ಈಗ ಸರಿ ಇದೆ. 2020ರವರೆಗಿನ ಅಪ್‌ಡೇಟ್ ಆದರೂ ಇರಲಿ ಅಂತ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಂಡೆ, ಆದರೆ ಹಾಕಲು ಹೋದರೆ 80092004 ಎಂಬ ಎರರ್.

ಗಣಕಮಿತ್ರ:
2019ರಿಂದ ಮೈಕ್ರೋಸಾಫ್ಟ್ ಅಪ್‌ಡೇಟ್‌ಗಳಿಗೆ ಹೊಸ ಬಗೆಯ ಡಿಜಿಟಲ್ ಸಹಿ ಹಾಕುತ್ತಿದೆ. ಆಗಷ್ಟೇ ಹಾಕಿದ ವಿಂಡೋಸ್ 7ಗೆ ಆ ಸಹಿ ಓದಲು ಬರುವುದಿಲ್ಲ, ಅದಕ್ಕೇ ಈ ಎರರ್. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಮೊದಲು ಕೆಬಿ4490628, ಆಮೇಲೆ ಕೆಬಿ4474419 (ಕೆಬಿ ನಂಬರ್ ಅಂದರೆ ಅಪ್‌ಡೇಟ್‌ನ ಗುರುತು) ಇಳಿಸಿ ಹಾಕಿ, ರೀಸ್ಟಾರ್ಟ್ ಮಾಡಿ. ನಂತರ 2020ರ ಜನವರಿಯ ಮಂತ್ಲಿ ರೋಲಪ್ (ಹಿಂದಿನ ಅಪ್‌ಡೇಟ್‌ಗಳನ್ನೂ ಸೇರಿಸಿದ ಕಂತೆ), ಅಂದರೆ ಕೆಬಿ4534310. ನಿಮ್ಮದು 32 ಬಿಟ್, ಹಾಗಾಗಿ ಎಕ್ಸ್86 ಎಂದಿರುವುದನ್ನೇ ಆರಿಸಿ.

ಮಲೆನಾಡ_ಹುಡುಗ:
ಅದು ಹಾಕಿದ ಮೇಲೆ ವಾಲ್‌ಪೇಪರ್ ಕಪ್ಪಾದರೆ ವೈರಸ್ ಅಂದುಕೊಂಡು ಮತ್ತೆ ಫಾರ್ಮ್ಯಾಟ್ ಮಾಡಬೇಡಿ ಸರ್. ಸ್ಟ್ರೆಚ್ ಆಯ್ಕೆ ಇದ್ದರೆ ಹಾಗಾಗುತ್ತದೆ, ಆ ಅಪ್‌ಡೇಟ್‌ನದೇ ದೋಷ. ಫಿಲ್ ಅಂತ ಬದಲಾಯಿಸಿ, ಇಲ್ಲವೇ ಕೆಬಿ4539602 ಹಾಕಿ.