ವಾಲ್ವ್ ಟೈಟಾನಿಯಂ, ಸ್ಪ್ರಿಂಗ್ ಹಳೇದು
ಒಂದು ದೊಡ್ಡ ತಟ್ಟೆ ಮಂಡಕ್ಕಿ, ಬಿಸಿ ಮಿರ್ಚಿ, ನಾಲ್ಕೈದು ಜನ. ಇಷ್ಟಿದ್ದರೆ ದಾವಣಗೆರೆಯಲ್ಲಿ ಯಾವ ವಿಷಯವೂ ತೀರ್ಮಾನವಾಗುವುದಿಲ್ಲ. ಮೊನ್ನೆ ಜಯದೇವ ಸರ್ಕಲ್ ಹತ್ತಿರ ಎದ್ದ ಪ್ರಶ್ನೆ: ನಮ್ಮ ಹುಡುಗನ ಡ್ರ್ಯಾಗ್ ಬೈಕಿಗೆ, ಅಂದರೆ ನೇರ ದಾರಿಯಲ್ಲಿ ಕಾಲು ಮೈಲಿ ರೇಸ್ ಓಡುವ ಬೈಕಿಗೆ, ಯಾವ ವಾಲ್ವ್ (ಎಂಜಿನ್ನಿಗೆ ಗಾಳಿ ಒಳಬಿಟ್ಟು ಹೊಗೆ ಹೊರಬಿಡುವ ಬಾಗಿಲು)?

"ಟೈಟಾನಿಯಂ," ಎಂದ ಹುಡುಗ.

"ದುಡ್ಡು ಯಾರದು?" ಎಂದರು ಮೇಷ್ಟ್ರು.

"ಅಪ್ಪಂದು."

"ಹಾಗಾದ್ರೆ ಟೈಟಾನಿಯಮ್ಮೇ ಸರಿ."

ಗ್ಯಾರೇಜ್ ಮೆಸ್ತ್ರಿ ಮಿರ್ಚಿಯ ತೊಟ್ಟು ಕಿತ್ತು ಪಕ್ಕಕ್ಕಿಟ್ಟರು. ತೊಟ್ಟು ಕಿತ್ತರೆ ಪಾಠ ಶುರು. "ಸ್ಟೀಲಿಗಿಂತ 40 ಪರ್ಸೆಂಟ್ ಹಗುರ, ಒಪ್ಪಿದೆ. ಸ್ಪ್ರಿಂಗ್ ಯಾವುದಲೇ?"

"ಅದೇ... ಹಳೇದು."

"ಎಂಜಿನ್ ನಿಮಿಷಕ್ಕೆ 12,000 ಸುತ್ತು (ಆರ್‌ಪಿಎಂ) ತಿರುಗಿದ್ರೆ, ವಾಲ್ವ್ ಒತ್ತೋ ಉಬ್ಬಿನ ದಂಡ, ಅದೇ ಕ್ಯಾಮ್, ಅದರರ್ಧ. ಅಂದ್ರೆ ಒಂದೊಂದು ವಾಲ್ವ್ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ತೆರೆಯೋದು ಕ್ಯಾಮ್, ಮುಚ್ಚೋದು ಸ್ಪ್ರಿಂಗ್. ಸ್ಪ್ರಿಂಗ್ ಬಿಸಿಗೆ ಸೋತಿದ್ರೆ ವಾಲ್ವ್ ತೇಲುತ್ತೆ, ಹೊತ್ತಿಗೆ ಸರಿಯಾಗಿ ಮುಚ್ಚಲ್ಲ, ಹಸಿರು ಸಿಗ್ನಲ್ ಬಿದ್ರೂ ಮೊಬೈಲ್ ನೋಡ್ತಾ ನಿಂತವನ ಹಾಗೆ. ಅಷ್ಟರಲ್ಲಿ ಪಿಸ್ಟನ್ ಮೇಲೆ ಬಂತು. ಟಣ್!"

"ಹಾಗಾದ್ರೆ ಇರೋದ್ರಲ್ಲೇ ಗಟ್ಟಿ ಸ್ಪ್ರಿಂಗ್ ಹಾಕಿಬಿಡೋಣ."

"ಹಾಕಪ್ಪ. ಕ್ಯಾಮಿನ ಉಬ್ಬು ಸವೆಯುತ್ತೆ, ತಿಕ್ಕಾಟ ಜಾಸ್ತಿ, ಬಿಸಿ ಜಾಸ್ತಿ. ಕ್ಯಾಮ್ ಎಷ್ಟು ಎತ್ತುತ್ತೆ ಅನ್ನೋದು ಮೊದಲು, ಸ್ಪ್ರಿಂಗ್ ಆಮೇಲೆ."

ಅಂಗಿ ಜೇಬಿಂದ ಒಂದು ಸ್ಪ್ರಿಂಗ್ ತೆಗೆದು ಮಂಡಕ್ಕಿ ಪಕ್ಕ ನಿಲ್ಲಿಸಿದರು. ಬೀಹೈವ್, ಜೇನುಗೂಡಿನ ಆಕಾರದ್ದು. ಬುಡ ಅಗಲ, ತಲೆ ಸಣ್ಣ. ತಲೆ ಸಣ್ಣದಾದ್ದರಿಂದ ಅದನ್ನು ಹಿಡಿಯುವ ಮೇಲಿನ ಬಿಲ್ಲೆ (ರಿಟೇನರ್) ಹಗುರ. ಸುರುಳಿಗಳು ಒಂದೇ ಅಳತೆ ಇಲ್ಲದ್ದರಿಂದ ಎಲ್ಲವೂ ಒಂದೇ ತಾಳಕ್ಕೆ ನಡುಗುವುದೂ ಕಡಿಮೆ. "ವಾಲ್ವ್ ಪೂರ್ತಿ ತೆರೆದಾಗಲೂ ಸುರುಳಿಗೆ ಸುರುಳಿ ತಾಗಬಾರದು. ಕಾರಿನ ರೇಸ್ ಎಂಜಿನ್ನಲ್ಲಿ ಒಟ್ಟು 1.5 ಮಿ.ಮೀ. ಆಸುಪಾಸು ಬಿಡ್ತಾರೆ. ನಿನ್ನ ಬೈಕಿಗೆ ಕ್ಯಾಮ್ ಕೊಟ್ಟವನನ್ನೇ ಕೇಳು."

ನನಗೂ ಮೆಸ್ತ್ರಿ ಮಾತೇ ಸರಿ ಅನಿಸಿತು. ಆದರೆ ವಾಲ್ವ್ ತೋರಿಸಿ ಕೊಚ್ಚಿಕೊಳ್ಳಬಹುದು, ಸ್ಪ್ರಿಂಗ್ ತೋರಿಸಿ ಯಾರು ಕೊಚ್ಚಿಕೊಳ್ತಾರೆ?

"ಡುಕಾಟಿ ಬೈಕಿನ ಡೆಸ್ಮೋ ಅನ್ನೋ ವಾಲ್ವ್ ವ್ಯವಸ್ಥೆಯಲ್ಲಿ ಮುಚ್ಚೋದಕ್ಕೂ ಕ್ಯಾಮೇ," ಎಂದರು ಮೇಷ್ಟ್ರು. "1986ರಲ್ಲಿ ರೆನೋದವರು ಫಾರ್ಮುಲಾ ಒನ್ ಎಂಜಿನ್ನಲ್ಲಿ ಸ್ಪ್ರಿಂಗ್ ತೆಗೆದು ಗಾಳಿಯ ಒತ್ತಡವನ್ನೇ ಇಟ್ಟರು."

"ನಂಗೂ ಗಾಳಿದೇ ಇರಲಿ ಸಾರ್!"

"ಗಾಳಿಗೆ ಪಂಕ್ಚರ್ ಅಂಗಡಿಗೆ ಹೋಗು," ಎಂದರು ಮೆಸ್ತ್ರಿ. "ಹೊಗೆ ಬಿಡೋ ಎಕ್ಸಾಸ್ಟ್ ವಾಲ್ವಿಗೆ ಒಳ್ಳೆ ಸ್ಟೇನ್‌ಲೆಸ್ ಸ್ಟೀಲ್ ಸಾಕು. ನೀನು ಓಡಿಸೋದು 402 ಮೀಟರ್, ಹುಬ್ಬಳ್ಳಿವರೆಗಲ್ಲ."

ಅಲ್ಲಿವರೆಗೆ ಸುಮ್ನಿದ್ದ ಆರ್‌ಎಕ್ಸ್ 100 ಮಾಲೀಕ ಬಾಯಿ ಬಿಟ್ಟ. "ನಂದು ಟೂ ಸ್ಟ್ರೋಕ್. ಕ್ಯಾಮಿಲ್ಲ, ವಾಲ್ವಿಲ್ಲ, ಸ್ಪ್ರಿಂಗಿಲ್ಲ, ಈ ತಲೆನೋವೂ ಇಲ್ಲ."

"ರೀಡ್ ವಾಲ್ವ್ ಇದೆಯಲ್ಲೋ!"

"ಅದು ಬರೀ ತೆಳು ಪತ್ತಿ ಕಣ್ರೀ," ಎಂದು ಕೊನೆಯ ಮಿರ್ಚಿ ಎತ್ತಿಕೊಂಡ. ವಾದದಲ್ಲಿ ಗೆದ್ದವನು ಅವನೊಬ್ಬನೇ.

ಹುಡುಗ ಕೂತಲ್ಲೇ ಅಪ್ಪನಿಗೆ ಫೋನ್ ಹಚ್ಚಿದ. "ಅಪ್ಪಾ, ಸ್ಪ್ರಿಂಗಿಗೆ ದುಡ್ಡು ಬೇಕಿತ್ತು."

ಆ ಕಡೆಯ ದನಿ ನಮಗೆಲ್ಲ ಕೇಳಿಸಿತು: "ಯಾವ ಮಂಚಕ್ಕಲೇ?"