1911ರ ರೂಪಾಯಿ ಅಂತ ಹರಾಜಿನಲ್ಲಿ ಕೊಂಡೆ, ಬಂದಿದ್ದು ಬೇರೆ. ದುಡ್ಡು ವಾಪಸ್ ಪಡೆಯುವುದು ಹೇಗೆ?

ಬೆಳ್ಳಿಬಿಲ್ಲೆ:
ಐದನೇ ಜಾರ್ಜ್‌ನ 1911ರ ಬೆಳ್ಳಿ ರೂಪಾಯಿ, 'ಪಿಗ್ ರುಪೀ' ಅಂತಾರಲ್ಲ, ಅದನ್ನು ಆನ್‌ಲೈನ್ ಹರಾಜಿನಲ್ಲಿ ಬಿಡ್ ಮಾಡಿ ಗೆದ್ದೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ರಾಜನ ನಿಲುವಂಗಿಯ ಮೇಲೊಂದು ಪುಟ್ಟ ಆನೆ ಇದೆ. ಆ ವರ್ಷ ಅದರ ಸೊಂಡಿಲು ಗಿಡ್ಡವಾಗಿ, ಆನೆ ಹಂದಿಯ ಹಾಗೆ ಕಂಡು ಗಲಾಟೆಯಾಯಿತು. 1912ರಿಂದ ಸೊಂಡಿಲು ತಿದ್ದಿದರು.

ನನಗೆ ಬಂದಿರುವುದರಲ್ಲಿ ಸೊಂಡಿಲು ಚೆನ್ನಾಗಿ ಉದ್ದವಾಗೇ ಇದೆ! ಇಸವಿ ಮಾತ್ರ 1911. ಭೂತಗನ್ನಡಿ ಹಿಡಿದರೆ ಕೊನೆಯ 1ರ ತಲೆಯ ಎಡಕ್ಕೆ ಕೆರೆದ ಗೀರುಗಳು. 1917ರ ನಾಣ್ಯದಲ್ಲಿ 7ರ ಮೇಲ್ಗೆರೆ ಕೆರೆದು ತೆಗೆದಿದ್ದಾರೆ ಅಂತ ನನ್ನ ಗುಮಾನಿ. ಮಾರಿದವರನ್ನು ಕೇಳಿದರೆ, ತೂಕ ಸರಿ ಇದೆ, ಬೆಳ್ಳಿ ಅಸಲಿ, ಹರಾಜಿನ ಮಾಲು ವಾಪಸ್ ಇಲ್ಲ ಅಂತಾರೆ. ಏನು ಮಾಡಲಿ?

ಪಾವಲಿ:
ನಕಲಿ ನಾಣ್ಯ ಅಂತ ಜಗಳ ತೆಗೆಯಬೇಡಿ. ಬೆಳ್ಳಿ ಅಸಲಿ ಅಂತ ತೋರಿಸಿ ಗೆದ್ದುಬಿಡುತ್ತಾರೆ. '1911 ಅಂತ ಮಾರಿದಿರಿ, ಇದು 1911ರದ್ದಲ್ಲ', ಇಷ್ಟನ್ನೇ ಹಿಡಿದುಕೊಳ್ಳಿ. ಲಿಸ್ಟಿಂಗ್‌ನ ಸ್ಕ್ರೀನ್‌ಶಾಟ್ ಈಗಲೇ ತೆಗೆದಿಡಿ, ನಾಳೆ ಇರುತ್ತೋ ಇಲ್ವೋ. ಆನೆಯದ್ದು, ಇಸವಿಯದ್ದು ಹತ್ತಿರದ ಫೋಟೋ ಇರಲಿ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಆ ಗೀರೇ ನಿಮ್ಮ ಸಾಕ್ಷಿ.

ಕಟಕಟೆ:
ವಾಪಸ್ ಇಲ್ಲ ಅಂತ ಬೋರ್ಡ್ ಹಾಕಿದರೆ ಮುಗೀತಾ? 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದ ಹಾಗಿಲ್ಲದ ಮಾಲನ್ನು ಮಾರಿದವರು ವಾಪಸ್ ತೆಗೆದುಕೊಳ್ಳಲೇಬೇಕು. ಸೈಟಿನ ದೂರು ಅಧಿಕಾರಿಗೆ ಮೇಲ್ ಹಾಕಿ. ದೂರು ತಲುಪಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ನಿಮ್ಮ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ. ಆದರೆ ಮತ್ತೆ ಮಾರಲು ಕೊಂಡಿದ್ದರೆ ನಿಮ್ಮನ್ನು ಗ್ರಾಹಕ ಅಂತ ಒಪ್ಪುವುದಿಲ್ಲ.

ಪಾವಲಿ:
ಇನ್ನೊಂದು ತೊಡಕು. ಅಜ್ಜನ ಡಬ್ಬಿಯಲ್ಲಿದ್ದ ಒಂದೆರಡು ನಾಣ್ಯ ಮಾರುವವರಿಗೆ ಆ ನಿಯಮ ತಗಲುವುದಿಲ್ಲ. ಇವರು ಕಾಯಂ ವ್ಯಾಪಾರಿಯಾ?

ಬೆಳ್ಳಿಬಿಲ್ಲೆ:
ಪ್ರತಿ ಭಾನುವಾರ ರಾಶಿ ಮಾಲು ಹರಾಜಿಗೆ ಹಾಕ್ತಾರೆ ಸ್ವಾಮಿ. ಆ ಪುಟಗಳ ಸ್ಕ್ರೀನ್‌ಶಾಟೂ ತೆಗೆದೆ. ಕೊಂಡಿದ್ದು ನನ್ನ ಆಲ್ಬಮ್‌ಗೇ. ಈಗ 'ಮೊದಲು ನಾಣ್ಯ ಕಳಿಸಿ, ನೋಡೋಣ' ಅಂತ ಮೆಸೇಜ್ ಬಂದಿದೆ. ಕಳಿಸಲಾ?

ಕಟಕಟೆ:
ಸುಮ್ನೆ ಕಳಿಸಬೇಡಿ. ನಾಣ್ಯ ಕೈಸೇರಿದರೆ ದುಡ್ಡು ವಾಪಸ್ ಅಂತ ಬರಹದಲ್ಲಿ ಒಪ್ಪಿಸಿಕೊಳ್ಳಿ. ಆಮೇಲೆ ಪ್ಯಾಕ್ ಮಾಡುವುದನ್ನು ವಿಡಿಯೋ ಮಾಡಿ, ವಿಮೆ ಮಾಡಿಸಿ ಪೋಸ್ಟ್‌ನಲ್ಲಿ ಕಳಿಸಿ.